ಇನ್ವರ್ಟರಿಗೆ ಕಿವಿಗೊಡುವ ನಮ್ಮ ಮಾವ

ನಮ್ಮ ಸೋದರಮಾವನಿಗೆ ಹುಚ್ಚಿಲ್ಲ ಎಂದು ನಾನು ಹತ್ತಾರು ಜನರಿಗೆ ಆಣೆ ಮಾಡಿ ಹೇಳಿದ್ದೇನೆ. ನಂಬಿದವರು ಇಬ್ಬರೇ. ಅದರಲ್ಲಿ ಒಬ್ಬರು ನಮ್ಮ ಅತ್ತೆ, ಅವರಿಗೆ ಬೇರೆ ದಾರಿಯಿಲ್ಲ!

ಹದಿನಾಲ್ಕು ವರ್ಷ ಗುರುಗಳ ಮನೆಯಲ್ಲಿದ್ದು ಪಿಟೀಲು ಕಲಿತ ಮನುಷ್ಯ ದೊಡ್ಡಬಳ್ಳಾಪುರದಲ್ಲಿ ಇನ್ವರ್ಟರ್ ತಯಾರಿಸುವ ಕಂಪನಿಗೆ ಜನರಲ್ ಮ್ಯಾನೇಜರ್ ಆದರೆ ಏನಾಗಬೇಕೋ ಅದೇ ಆಗಿದೆ. ಮೀಟಿಂಗಿನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಇವರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಒಮ್ಮೆ ಸೇಲ್ಸ್‌ನವನು ಗಡಿಬಿಡಿಯಲ್ಲಿ ವರದಿ ಓದಿದನಂತೆ. "ಓಡಿಸ್ಬೇಡಪ್ಪಾ, ವಿಳಂಬ ಕಾಲದಲ್ಲಿ ಓದು" ಎಂದರು. ಪಾಪ, ನಿಧಾನವಾಗಿ ಓದಿದ ಮೇಲೆ ಮಾಲು ಮಾರಾಟವಾಗಿಲ್ಲ ಎಂಬುದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು!

ಇದೆಲ್ಲ ಸಣ್ಣದು. ತಯಾರಾದ ಪ್ರತಿ ಬ್ಯಾಚಿನಿಂದ ಹತ್ತು ಇನ್ವರ್ಟರ್ ಅವರ ಮೇಜಿಗೆ ಬರಬೇಕಿತ್ತು. ಮೀಟರು ಒಪ್ಪಿದರೆ ಸಾಲದು, ಇವರ ಕಿವಿ ಒಪ್ಪಬೇಕಿತ್ತು! ಕಣ್ಣು ಮುಚ್ಚಿ ಆಲಿಸಿ, "ಒಳಗೆ ಸಣ್ಣಗೆ ಕೀಂ ಅಂತಿದೆ, ಬಿಚ್ಚಿ" ಎಂದರೆ ಬಿಚ್ಚಲೇಬೇಕಿತ್ತು. ಬಿಚ್ಚಿದರೆ ಒಂದು ಕಾಯಿಲ್ ಸಡಿಲವಾಗಿರುತ್ತಿತ್ತು. ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಮಿಕ್ಸಿಯ ಸದ್ದು ಕೇಳಿ, "ಇದಕ್ಕಿನ್ನು ಒಂದು ವಾರ ಆಯಸ್ಸು" ಎಂದರು. ನಾಲ್ಕನೇ ದಿನ ಅದು ಹೊಗೆ ಬಿಟ್ಟಿತು. ಅವರ ದೃಷ್ಟಿಯೇ ತಾಗಿತು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಕಳೆದ ವರ್ಷ ಒಂದು ದಿನ ಅತ್ತೆ ಕೊಟ್ಟ ಊಟದ ಡಬ್ಬಿ ಹಿಡಿದು ಫ್ಯಾಕ್ಟರಿಗೆ ಹೋದೆ. ಗೇಟಿನ ಹತ್ತಿರ ರತ್ನಮ್ಮ ತಡೆದರು. ಅಲ್ಲೇ ಹತ್ತಿರದ ವಿಜಯಪುರದವರು, ಹದಿನೆಂಟು ವರ್ಷದಿಂದ ಅಲ್ಲಿ ಸಾಲ್ಡರಿಂಗ್ ಮಾಡುತ್ತಿರುವವರು.

"ಅಣ್ಣಾ, ಸಾರ್‌ಗೆ ಆ ಸಣ್ಣ ಸದ್ದು ಕೇಳಿಸ್ತಿಲ್ಲ. ಆರು ತಿಂಗಳಾಯ್ತು. ಕೆಟ್ಟಿರೋದನ್ನೂ ಪಾಸ್ ಮಾಡ್ಬಿಟ್ರು."

"ಮತ್ತೆ?"

"ನಾವೇ ಮೊದ್ಲು ಕೇಳಿ, ಕೆಟ್ಟವನ್ನ ತೆಗೆದು, ಒಳ್ಳೇವು ಮಾತ್ರ ಅವ್ರ ಮೇಜಿಗೆ ಕಳಿಸ್ತೀವಿ. ನೀವು ಹೇಳ್ಬೇಡಿ. ಗೊತ್ತಾದ್ರೆ ತಡ್ಕೊಳ್ಳಲ್ಲ ಅವ್ರು."

ಸಂಗೀತಗಾರನಿಂದ ಕಿವಿಯನ್ನೇ ಕಿತ್ತುಕೊಂಡರೆ ಉಳಿಯುವುದೇನು? ಬರೀ ಜನರಲ್ ಮ್ಯಾನೇಜರು!

ಒಳಗೆ ಮಾವ ಎಂದಿನಂತೆ ಕಣ್ಣು ಮುಚ್ಚಿ ಆಲಿಸುತ್ತಿದ್ದರು. "ಎಲ್ಲಾ ಸರಿಯಾಗಿದ್ಯಾ ಮಾವ?" ಎಂದೆ, ಇಲ್ಲದ ಧೈರ್ಯ ತಂದುಕೊಂಡು.

"ಆರು ತಿಂಗಳಿಂದ ಒಂದೂ ಕೆಟ್ಟದ್ದು ಬಂದಿಲ್ಲ ಕಣೋ. ಇಷ್ಟು ವರ್ಷದಲ್ಲಿ ಯಾವತ್ತೂ ಹಾಗಾಗಿರ್ಲಿಲ್ಲ." ಕಣ್ಣು ಬಿಟ್ಟರು. "ಕಿವಿ ಹೋಯ್ತು, ಬುದ್ಧಿ ಹೋಗಿಲ್ವಲ್ಲ. ಯಾರು ಮೊದ್ಲೇ ಆರಿಸಿ ಕಳಿಸ್ತಿದಾರೆ ಅಂತ ನನಗೂ ಗೊತ್ತಾಗುತ್ತೆ."

ರತ್ನಮ್ಮನನ್ನು ಕರೆಸಿದರು. ತಮ್ಮ ಕುರ್ಚಿ ತೋರಿಸಿ, "ಇನ್ಮೇಲೆ ಇಲ್ಲಿ ಕೂತು ನೀವೇ ಕೇಳಿ. ಕದ್ದುಮುಚ್ಚಿ ಯಾಕಮ್ಮಾ?" ಎಂದರು.

ಆಕೆಗೆ ಗಾಬರಿ. "ನಮಗೇನ್ ಸಾರ್ ಗೊತ್ತು ಸಂಗೀತ? ನೀವು ಕೇಳೋದನ್ನ ನೋಡಿ ನೋಡಿ ಕಲ್ತಿದ್ದಷ್ಟೆ."

ಮಾವನಿಗೆ ಒಬ್ಬ ಶಿಷ್ಯನೂ ಇರಲಿಲ್ಲ. ಆ ಕೊರಗನ್ನು ಅವರು ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಕನ್ನಡಕ ತೆಗೆದು ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ, ಮೂಗು ಸೊರಸೊರ ಎನ್ನುತ್ತಿತ್ತು.

ಅಷ್ಟರಲ್ಲಿ ರತ್ನಮ್ಮ ಕುರ್ಚಿಯ ತುದಿಯಲ್ಲಿ ಕೂತು, ಕಣ್ಣು ಮುಚ್ಚಿ, ಇನ್ವರ್ಟರಿಗೆ ಕಿವಿಯಿಟ್ಟಿದ್ದರು. ಮೆಲ್ಲಗೆ ಕೈಯೆತ್ತಿ ಹೇಳಿದರು:

"ಸಾರ್, ಒಂಚೂರು ಸುಮ್ನಿರಿ. ಕೇಳಿಸ್ತಿಲ್ಲ."