ಬೆಳ್ಳಕ್ಕಿಗೆ ಹನ್ನೆರಡು ಡಾಲರ್

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಂಬ್ರಾಯಿಡರಿ ಯಂತ್ರ ಇಟ್ಟುಕೊಂಡು ಕೂತವಳಿಗೆ ಡಾಲರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಮುಗಿದದ್ದನ್ನು ನಾನು ಕಂಡಿಲ್ಲ. ಸೂಜಿ ತರಲು ಹೋದರೂ ಅದರ ಹಿಂದೊಂದು ಫಜೀತಿ ದಾರದ ಹಾಗೆ ಬರುತ್ತದೆ.

ಮಾತು ಕೊಟ್ಟೆ

ಶಿರವಾಳದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಇಬ್ಬರೂ ಕೂಲಿ ಮಾಡುವವರು. ಮಗಳ ಮದುವೆಗೆ ಇನ್ನು ಮೂರೇ ವಾರ. ಬ್ಲೌಸಿನ ಬೆನ್ನಿಗೆ ಹಾಕಲು ನವಿಲು, ಗಿಳಿ, ಕಮಲ ಎಲ್ಲ ತೋರಿಸಿದೆ. ಹುಡುಗಿ ತಲೆ ಅಲ್ಲಾಡಿಸಿದಳು.

"ನವಿಲು ಎಲ್ಲಾರ ಬೆನ್ನ ಮ್ಯಾಗೂ ಅದರಿ. ನನಗ ಬೆಳ್ಳಕ್ಕಿ ಬೇಕು. ಭತ್ತ ಹಚ್ಚೂಮುಂದ ನಮ್ಮ ಹಿಂದ ಹಿಂದ ಬರ್ತಾವಲ್ರಿ, ಅವು."

ಇಷ್ಟು ವರ್ಷದಲ್ಲಿ ತನ್ನದೇ ಹಕ್ಕಿ ಕೇಳಿದ ಮದುಮಗಳು ಇವಳೊಬ್ಬಳೇ. ನನಗೆ ಉಬ್ಬಿ ಬಂತು. "ಎರಡು ಸಾವಿರ. ಒಂದು ಪೈಸಾ ಹೆಚ್ಚಿಗಿ ಕೇಳಂಗಿಲ್ಲ," ಎಂದು ಮಾತು ಕೊಟ್ಟುಬಿಟ್ಟೆ. ಅವರು ಹೋದ ಮೇಲೆ ಹುಡುಕಿದರೆ ಯಂತ್ರ ಓದುವಂಥ ಬೆಳ್ಳಕ್ಕಿಯ ಡಿಸೈನ್ ಫೈಲು ಸಿಕ್ಕಿದ್ದು ಒಂದೇ ಕಡೆ, ವಿದೇಶದ ಒಂದು ವೆಬ್‌ಸೈಟಿನಲ್ಲಿ. ಬೆಲೆ ಹನ್ನೆರಡು ಡಾಲರ್, ಹತ್ತಿರ ಹತ್ತಿರ ಸಾವಿರ ರೂಪಾಯಿ. ಬಟ್ಟೆ, ದಾರ, ಕರೆಂಟು ಕಳೆದರೆ ನನಗೆ ಉಳಿಯುವುದು ಬೆಳ್ಳಕ್ಕಿಯ ಪುಕ್ಕ ಮಾತ್ರ. ಇನ್ನು ಇದರ ಮೇಲೆ ಒಂದು ರೂಪಾಯಿ ದಂಡ ಬಿದ್ದರೂ ಕೈಯಿಂದ ಹಾಕಬೇಕು.

"ದರ ಕೇಳದ ಯಾರರ ಮಾತು ಕೊಡ್ತಾರೇನು?" ಎಂದರು ನಮ್ಮ ಯಜಮಾನರು.

"ನಿಮ್ಮನ್ನ ಮದುವಿ ಆಗೂಮುಂದನೂ ಹಿಂಗ ಮಾಡೀನಿ," ಎಂದೆ.

ರೂಪಾಯಿಯ ಮರ್ಯಾದೆ

ಯಜಮಾನರು ಸುರಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರು. ಜನಗಣಮನ ರೇಡಿಯೋದಲ್ಲಿ ಬಂದರೂ ಊಟದ ತಾಟು ಬಿಟ್ಟು ಏಳುವವರು. ರೊಕ್ಕ ಕಟ್ಟುವ ಹೊತ್ತಿಗೆ ವೆಬ್‌ಸೈಟು ಕೇಳಿತು: ಡಾಲರಿನಲ್ಲಿ ಕೊಡುತ್ತೀರೋ, ರೂಪಾಯಿಯಲ್ಲೋ?

"ರೂಪಾಯಿ ಒತ್ತು!" ಎಂದು ಎದ್ದೇ ನಿಂತರು. "ಪರದೇಶದವ್ರು ನಮ್ಮ ರೂಪಾಯಿ ಕೇಳಾಕತ್ತಾರ. ಅಭಿಮಾನದ ಮಾತದು."

"ಅಭಿಮಾನಕ್ಕ ಎಪ್ಪತ್ತು ರೂಪಾಯಿ ಹೆಚ್ಚಿಗಿ ಹಚ್ಚ್ಯಾರ, ನೋಡ್ರಿಲ್ಲೆ."

ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಮೆಲ್ಲಗೆ ಕೂತರು. "ಹಂಗಾರ ಡಾಲರ್ ಒತ್ತು."

ನಮ್ಮವರ ದೇಶಾಭಿಮಾನ ಅರವತ್ತೊಂಬತ್ತು ರೂಪಾಯಿಯ ತನಕ ಭಾಳ ಗಟ್ಟಿ.

ಬ್ಯಾಂಕಿನ ಪಾಳಿ

ನಾನು ಡಾಲರೂ ಒತ್ತಲಿಲ್ಲ. ಹೋದ ವರ್ಷ ಒಂದು ಹೂವಿನ ಡಿಸೈನ್ ಕೊಂಡಾಗ ಬ್ಯಾಂಕಿನವರು ತಮ್ಮದೊಂದು ಶುಲ್ಕ ಬೇರೆ ಮುರಿದುಕೊಂಡಿದ್ದು ನೆನಪಾಯಿತು. ಬ್ಯಾಂಕಿಗೆ ಹೋಗಿ ಕೇಳಿದೆ. ಕ್ಲಾರ್ಕ್ ಪಾಪ ಒಳ್ಳೆಯ ಮನುಷ್ಯ. ಕರೆನ್ಸಿ ಕನ್ವರ್ಶನ್, ಮಾರ್ಕಪ್ ಎಂದು ಹಾಳೆಯ ಮೇಲೆ ಬರೆದು ಬರೆದು ತೋರಿಸಿದ. ನನ್ನ ಮುಖ ನೋಡಿ ಇನ್ನೊಂದು ಹಾಳೆ ತೆಗೆದ.

ಹಿಂದೆ ಪಾಳಿಯಲ್ಲಿ ನಿಂತಿದ್ದ ತೊಗರಿ ವ್ಯಾಪಾರದ ಅಡತಿ ಅಂಗಡಿಯವರು ಬಾಯಿ ಹಾಕಿದರು. "ಅಕ್ಕೋರ, ಅದು ಅಡತರೀ. ರೈತ ತೊಗರಿ ತರ್ತಾನ, ನಾ ಮಾರಿಸಿಕೊಡ್ತೀನಿ, ನಡುವ ನನ್ನ ಪಾಲು ಹಿಡ್ಕೋತೀನಿ. ನಿಮ್ಮ ಡಾಲರಿಗೂ ಹಂಗ. ವೆಬ್‌ಸೈಟಿನವ ನಾನ ರೂಪಾಯಿ ಮಾಡಿಕೊಡ್ತೀನಿ ಅಂದ್ರ ಅವ ಒಬ್ಬ ಅಡತಿ. ಬ್ಯಾಂಕಿನವ ಇನ್ನೊಬ್ಬ. ನೀವು ರೂಪಾಯಿ ಒತ್ತಿದ್ರ ಇಬ್ರೂ ತಿಂತಾರ."

ಪಾಳಿಗೆ ಪಾಳಿಯೇ ಹೌದ್ಹೌದು ಎಂದಿತು. ಆ ಶುಲ್ಕ ಇಲ್ಲದ ಕಾರ್ಡೂ ಒಂದು ಇದೆ, ಅದಕ್ಕೆ ಅರ್ಜಿ ಹಾಕಿ, ಡಾಲರಿನಲ್ಲೇ ಕಟ್ಟಿ ಎಂದ ಕ್ಲಾರ್ಕ್. ಆಮೇಲೆ ಅಡತಿಯವರ ಕಡೆ ತಿರುಗಿ ಕೈ ಮುಗಿದ.

"ಐದು ವರ್ಷದಿಂದ ಜನಕ್ಕ ಇದನ್ನ ತಿಳಿಸಿ ಹೇಳಾಕತ್ತೀನ್ರಿ. ನನಗ ಇವತ್ತ ತಿಳೀತು."

ಮೂರು ಅಂಕಿ

ಕಾರ್ಡು ಬರಲು ಎಂಟು ದಿನ ಹಿಡಿಯಿತು. ಮದುವೆಗೆ ಉಳಿದದ್ದು ಹನ್ನೆರಡು ದಿನ. ಅತ್ತೆಯವರು ಹೊಸದೇನು ಬಂದರೂ ದೇವರ ಮುಂದೆ ಇಡದೆ ಬಳಸಗೊಡುವುದಿಲ್ಲ. ಯಂತ್ರ ಬಂದಾಗಲೂ ಅದಕ್ಕೆ ವಿಭೂತಿ ಹಚ್ಚಿದ್ದರು. ಕಾರ್ಡಿಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಬಿತ್ತು.

ಅಷ್ಟರಲ್ಲಿ ಕ್ಲಾರ್ಕ್ ಫೋನ್ ಮಾಡಿ ಎಚ್ಚರಿಕೆ ಹೇಳಿದ. ನಾನು ಅದನ್ನು ಮನೆಯವರಿಗೆಲ್ಲ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ: "ಕಾರ್ಡಿನ ಹಿಂದ ಮೂರು ಅಂಕಿ ಅವ. ಅವನ್ನ ಯಾರೂ ನೋಡಬಾರದಂತ."

ಅತ್ತೆ ಹಿತ್ತಲಲ್ಲಿ ದೇವರ ಮುಂದಿನ ಹಿತ್ತಾಳೆಯ ದೀಪದ ಸಮೆ ತಿಕ್ಕುತ್ತಿದ್ದರು. ಸಂಜೆ ಕಾರ್ಡು ಕೈಗೆತ್ತಿಕೊಂಡರೆ ಹಿಂಬದಿ ಬಟಾಬಯಲು. ಮೂರು ಅಂಕಿಯ ಜಾಗ ಸಮೆಗಿಂತ ಚೊಕ್ಕ ಹೊಳೆಯುತ್ತಿದೆ.

"ಅತ್ತಿ, ಇದೇನ್ರಿ ಇದು?"

"ಹುಣಸಿಹಣ್ಣು, ಬೂದಿ ಹಾಕಿ ತಿಕ್ಕೀನವ್ವ. ಒಂದು ಅಂಕಿ ಹೋಗವಲ್ದಾಗಿತ್ತು, ಬಿಡಲಿಲ್ಲ ನಾ." ಬಹಳ ಸಮಾಧಾನದಿಂದ ನನ್ನ ತಲೆ ಸವರಿದರು. "ಇನ್ನ ಯಾರೂ ನೋಡಂಗಿಲ್ಲ. ನಿನಗೂ ಕಾಣಂಗಿಲ್ಲ. ನಿಶ್ಚಿಂತಿ ಇರು."

ಬಿಟ್ಟು ನಡೆಯುವುದು

ಆ ಅಂಕಿ ಹಾಕದೆ ರೊಕ್ಕ ಕಟ್ಟಲಾಗುವುದಿಲ್ಲ. ಪುಣ್ಯಕ್ಕೆ ಅದು ಬ್ಯಾಂಕಿನ ಆ್ಯಪ್‌ನಲ್ಲೂ ಸಿಗುತ್ತದೆ ಎಂದು ಮರುದಿನ ಗೊತ್ತಾಯಿತು. ಮದುವೆಗೆ ಹನ್ನೊಂದು ದಿನ. ಇನ್ನೇನು ಒತ್ತಬೇಕು, ಹೆಂಡತಿಯ ಬ್ಲೌಸ್ ಒಯ್ಯಲು ಅದೇ ಅಡತಿಯವರು ಬಂದರು. ಫೋನು ನೋಡಿ ಹೌಹಾರಿದರು.

"ಮೊದಲನೇ ದರಕ್ಕ ಹ್ಞೂಂ ಅಂದ್ರಿ? ಎತ್ತಿನ ಬಾಜಾರದಾಗ ಏನು ಮಾಡ್ತೀವ್ರಿ ನಾವು? ಹಲ್ಲು ನೋಡ್ತೀವಿ, ಬೆನ್ನು ತಟ್ತೀವಿ, ಬಿಟ್ಟು ನಡೀತೀವಿ. ಮಾರಾಂವ ತಾನ ಹಿಂದಿಂದ ಕರೀತಾನ."

"ಇದು ಯಂತ್ರರೀ ಅಣ್ಣಾರ. ಯಂತ್ರ ಹೆಂಗ ಕರೀತದ?"

"ಹೆಸರು, ಮೇಲ್ ವಿಳಾಸ ಎಲ್ಲಾ ತುಂಬ್ರಿ. ವೆಬ್‌ಸೈಟಿನ ಬುಟ್ಟ್ಯಾಗ ಡಿಸೈನ್ ಹಾಕಿ ಇಡ್ರಿ. ಫೋನು ಮುಚ್ಚಿ ನಡೀರಿ."

ಯಾವ ಗಳಿಗೆಯಲ್ಲಿ ಅವರ ಮಾತು ಕೇಳಿದೆನೋ, ಮುಚ್ಚಿದೆ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಯಂತ್ರಕ್ಕೆ ಹಾಕಿ, ಬ್ಲೌಸು ಹೊಲಿದು ಮುಗಿಸಲು ಒಂದು ವಾರವಾದರೂ ಬೇಕು. ನೂರಿನ್ನೂರು ರೂಪಾಯಿಯ ಆಸೆಗೆ ಒಬ್ಬ ಹುಡುಗಿಯ ಮದುವೆ ಕೆಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅತ್ತೆಯವರು ತಾಸಿಗೊಮ್ಮೆ ಬಂದು "ಕರದನೇನವ್ವ?" ಎಂದು ಕೇಳುವುದು ಬೇರೆ.

ಮೂರನೆಯ ದಿನ ಬೆಳಿಗ್ಗೆ ಇನ್ನು ಸಾಕು, ಪೂರಾ ದರಕ್ಕೇ ಕೊಳ್ಳೋಣ ಎಂದು ಫೋನ್ ತೆಗೆದರೆ ಒಂದು ಮೇಲ್ ಬಂದು ಕೂತಿತ್ತು. ನೀವು ಬುಟ್ಟಿಯಲ್ಲಿ ಏನೋ ಬಿಟ್ಟು ಹೋಗಿದ್ದೀರಿ, ದಯವಿಟ್ಟು ಮರಳಿ ಬನ್ನಿ, ನಿಮಗಾಗಿ ನೂರಕ್ಕೆ ಇಪ್ಪತ್ತು ರಿಯಾಯಿತಿ ಎಂದಿತ್ತು. ಡಾಲರ್ ಒತ್ತಿ ಹೊಸ ಕಾರ್ಡಿನಿಂದ ಕಟ್ಟಿದೆ. ಎಂಟು ನೂರರ ಆಸುಪಾಸಿನಲ್ಲಿ ಮುಗಿಯಿತು, ಯಾರಿಗೂ ಅಡತ ಇಲ್ಲ.

ಅಡತಿಯವರಿಗೆ ಫೋನ್ ಮಾಡಿದೆ. "ಕರೀತಾರ್ರಿ," ಎಂದರು ಅವರು. "ಯಾವ ದೇಶಾದ್ರೇನು, ಗಿರಾಕಿ ಬೆನ್ನು ಕಂಡ್ರ ಎಲ್ಲಾರಿಗೂ ಸಂಕಟ."

ಮೆಟ್ಟಿಲು

ಮದುವೆಗೆ ಎರಡು ದಿನ ಇರುವಾಗ ಬ್ಲೌಸ್ ತಯಾರಾಯಿತು. ಹಸಿರು ಬಟ್ಟೆಯ ಬೆನ್ನಿನ ಮೇಲೆ ಆರು ಬೆಳ್ಳಕ್ಕಿ. ನಾಲ್ಕು ನಿಂತಿದ್ದವು, ಎರಡು ಹಾರುತ್ತಿದ್ದವು. ನಾನು ಮಾಡಿದ ಕೆಲಸದಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ ಎಂದು ನನಗೇ ಅನಿಸಿತ್ತು.

ತಾಯಿ ಮಗಳು ಬಂದರು. ಹುಡುಗಿ ಬ್ಲೌಸನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣು ತುಂಬಿದ್ದವು. ತಾಯಿ ಮಾತ್ರ ಮಗಳ ಕೈಯಿಂದ ಬ್ಲೌಸ್ ತೆಗೆದುಕೊಂಡು ಒಂದೊಂದು ಹಕ್ಕಿಯ ಮೇಲೂ ತನ್ನ ಒರಟು ಬೆರಳು ಆಡಿಸಿದಳು. ತಿರುವಿ ಅಸ್ತರು ನೋಡಿದಳು. ಆಮೇಲೆ ಅದನ್ನು ಮಡಚಿ ಯಂತ್ರದ ಮೇಲೆ ಇಟ್ಟು, ಚೀಲ ಹೆಗಲಿಗೇರಿಸಿ, ಮಗಳ ಕೈ ಹಿಡಿದು ಹೊರಗೆ ನಡೆದಳು.

ನಮ್ಮ ಅಂಗಡಿಗೆ ಐದು ಪರಸಿಕಲ್ಲಿನ ಮೆಟ್ಟಿಲು. ಒಂದು ಇಳಿದಳು. ಎರಡು ಇಳಿದಳು. ಹಿಡಿಸಲಿಲ್ಲವೇ? ಬೆಳ್ಳಕ್ಕಿಯ ಬ್ಲೌಸ್ ಇನ್ನು ಯಾರು ಕೊಳ್ಳುತ್ತಾರೆ? ಆ ಹುಡುಗಿ ನಾಡಿದ್ದು ಏನು ತೊಟ್ಟಾಳು? ಮೂರನೆಯ ಮೆಟ್ಟಿಲಿಗೆ ಅವಳ ಕಾಲು ಇಳಿಯುವುದಕ್ಕೂ ನನ್ನ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಯಕ್ಕಾ, ಬಾ ಯಕ್ಕಾ! ಇನ್ನೂರು ಕಡಿಮಿ ಕೊಡುವಂತಿ, ಬಾ!"

ತಾಯಿ ಆ ಕ್ಷಣವೇ ತಿರುಗಿದಳು. ಸೆರಗಿನ ಗಂಟು ಬಿಚ್ಚಿ ಹದಿನೆಂಟು ನೂರು ನನ್ನ ಅಂಗೈಯಲ್ಲಿಟ್ಟಳು. ಮೊದಲೇ ಎಣಿಸಿ ಅಷ್ಟೇ ಕಟ್ಟಿಕೊಂಡು ಬಂದಿದ್ದಳು ಎಂದು ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಹೆಚ್ಚಿಗೆ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆನೇ ಹೊರತು, ಕಡಿಮೆ ಮಾಡುವುದಿಲ್ಲ ಎಂದು ಕೊಟ್ಟಿರಲಿಲ್ಲವಲ್ಲ.

ಅವಳು ಬೆಳ್ಳಕ್ಕಿಗಳನ್ನು ಮಗಳ ಮಡಿಲಿಗೆ ಹಾಕಿ ನನ್ನ ಗಲ್ಲ ಹಿಡಿದಳು.

"ಭಾಳ ಚಲೋ ಮಾಡೀಯವ್ವ. ಖರೇ ಹೇಳ್ತೀನಿ, ನೀ ಕರೀಲಿಲ್ಲಂದ್ರ ನಾಲ್ಕನೇ ಮೆಟ್ಟಲಾಗ ನಾನ ತಿರಗಾಕಿ ಇದ್ದೆ!"