ಕೊಕ್ಕರಿ ಹೋಗಿ ಮುಟ್ಟುವಷ್ಟರಲ್ಲಿ

ಕಾರು ಗುದ್ದಿದ ಮೇಲೆ ಏನು ಮಾಡಬೇಕು ಅನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಗುದ್ದುವ ತನಕ. ಗುದ್ದಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ತೋಚುತ್ತದೆ. ಕುಷ್ಟಗಿ ಕ್ರಾಸಿನಲ್ಲಿ ಕ್ರೇನು ಇಟ್ಟುಕೊಂಡು ಬದುಕಿದವನು ನಾನು. ಹಳೇ ಲಾರಿಗೆ ಕಬ್ಬಿಣದ ಕುತ್ತಿಗೆ ಕೂಡಿಸಿ ನಮ್ಮ ಅಬ್ಬಾ ಮಾಡಿಸಿದ್ದು. ಮಂದಿ ಅದಕ್ಕೆ ‘ಕೊಕ್ಕರಿ’ ಅನ್ನುತ್ತಿದ್ದರು. ಈಗ ಮಗ ಹೊಸ ಕ್ರೇನು ತಂದಿದ್ದಾನೆ. ಈಗಿನವರು ಗುದ್ದಿದ ಕೂಡಲೇ ಫೋಟೋ ತೆಗೆದು ವಿಮೆಯವರಿಗೆ ಕಳಿಸಿ, ಗಾಡಿಯೊಳಗೆ ಕೂತು ಮೊಬೈಲ್ ನೋಡುತ್ತಾರೆ. ನಾವು ಹೋದರೂ ತಲೆ ಎತ್ತುವುದಿಲ್ಲ. ನನ್ನ ಕಾಲದಲ್ಲಿ ಕೊಕ್ಕರಿ ಹೋಗಿ ಮುಟ್ಟುವಷ್ಟರಲ್ಲಿ ಮಂದಿ ರಸ್ತೆಯ ಮೇಲೆ ಒಂದು ಸಂಸಾರವೇ ಹೂಡಿರುತ್ತಿದ್ದರು.

ಸಾಕ್ಷಿ

ಯಲಬುರ್ಗಾದ ಹೆಡ್‌ಮಾಸ್ತರರೊಬ್ಬರು ರಿಟೈರ್ ಆದ ಮೇಲೆ ಕಾರು ಕಲಿತರು. ಕಲಿತ ಹೊಸತರಲ್ಲೇ ಒಂದು ಟ್ರ್ಯಾಕ್ಟರಿಗೆ ತಾಗಿಸಿದರು. ಯಾರಿಗೂ ಏನೂ ಆಗಿರಲಿಲ್ಲ, ಕಾರಿನ ಮೂತಿ ಮಾತ್ರ ಟ್ರೇಲರಿನ ಅಡಿ ಸಿಕ್ಕಿಕೊಂಡಿತ್ತು. ನಾನು ಹೋದಾಗ ಮಾಸ್ತರರು ನೆರೆದ ಮಂದಿಯನ್ನು ಸಾಲಾಗಿ ನಿಲ್ಲಿಸಿದ್ದರು. ಸಾಕ್ಷಿ ಬೇಕಲ್ಲ.

“ಕಣ್ಣಾರೆ ನೋಡಿದವರು ಕೈ ಎತ್ರಿ.”

ಎಲ್ಲ ಕೈಗಳೂ ಮೇಲೆದ್ದವು. ಅಲ್ಲಿದ್ದವರೆಲ್ಲ ಅವರ ಕೈಯಲ್ಲಿ ಕಲಿತವರೇ, ಟ್ರ್ಯಾಕ್ಟರಿನವನೂ ಸೇರಿ. ಕಿರಾಣಿ ಅಂಗಡಿಯವನತ್ತ ಬೆರಳು ಮಾಡಿ, “ನೀ ಹೇಳು, ತಪ್ಪು ಯಾರ್ದು?” ಅಂದರು.

ಅವನು ಕೈ ಕಟ್ಟಿಕೊಂಡ. “ನಿಮ್ದ ಐತ್ರಿ ಸರ್. ಟ್ರ್ಯಾಕ್ಟರ್ ನಿಂತಿತ್ರಿ.”

ಮಾಸ್ತರರು ಉಳಿದವರ ಮುಖ ನೋಡಿದರು. “ಹೌದ್ರಿ ಸರ್” ಎಂದು ಇಡೀ ಸಾಲು ರಾಗ ಎಳೆಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹೂಂ, ಕುಂದರ್ರಿ” ಅಂದರು.

ಆ ಬಿಸಿಲಲ್ಲಿ, ಡಾಂಬರಿನ ಮೇಲೆ, ಎಲ್ಲರೂ ಕುಂತುಬಿಟ್ಟರು. ಕಾರು ಎಳೆಯುವುದಕ್ಕಿಂತ ಅವರನ್ನು ಎಬ್ಬಿಸುವುದಕ್ಕೇ ನನಗೆ ಹೊತ್ತು ಹಿಡಿಯಿತು.

ಇಬ್ಬರ ಧಣಿ

ಇದು ಗಂಗಾವತಿಯದು, ಮೊಬೈಲ್ ಆಗಷ್ಟೇ ಕೈಗೆ ಬಂದಿದ್ದ ದಿನಗಳದ್ದು. ಅಕ್ಕಿ ಗಿರಣಿಯವನೊಬ್ಬ, ಗುತ್ತಿಗೆದಾರನೊಬ್ಬ, ತಿರುವಿನಲ್ಲಿ ಎದುರುಬದುರು ಗುದ್ದಿಕೊಂಡಿದ್ದರು. ನಾನು ಕೊಕ್ಕರಿ ತಂದು ನಿಲ್ಲಿಸಿದಾಗ ಇಬ್ಬರೂ ಮೊಬೈಲ್ ತೆಗೆದಿದ್ದರು.

“ನಾ ಯಾರಿಗೆ ಫೋನ್ ಹಚ್ಚಾಕತ್ತೀನಿ ಗೊತ್ತೈತೇನು?”

“ಹಚ್ಚಪ್ಪಾ. ನಾ ಹಚ್ಚಿದ್ರ ಏನಾಗ್ತೈತಿ ನೋಡೀಯಂತ.”

ಗುತ್ತಿಗೆದಾರನ ಫೋನು ಹತ್ತಿತು. ಆ ಕಡೆ ಸರಿದು ನಿಂತು, “ಧಣ್ಯಾರ, ಯಾವನೋ ಬಂದು ಗುದ್ದ್ಯಾನ್ರಿ” ಅಂದ. ಗಿರಣಿಯವನಿಗೆ ಲೈನು ಸಿಗಲಿಲ್ಲ. “ನಮ್ಮ ಧಣ್ಯಾರು ಯಾರ ಜೋಡಿಯೋ ಮಾತಾಡಾಕತ್ಯಾರ, ತಡಿ” ಎಂದು ಬೆವರು ಒರೆಸಿಕೊಂಡ. ಗುತ್ತಿಗೆದಾರ ಫೋನ್ ಇಟ್ಟ ಮೇಲೆ ಗಿರಣಿಯವನಿಗೂ ಹತ್ತಿತು.

ಸ್ವಲ್ಪ ಹೊತ್ತಿಗೆ ಜೀಪಿನಲ್ಲಿ ಒಬ್ಬರೇ ಹಿರಿಯರು ಬಂದಿಳಿದರು. ಇಬ್ಬರೂ ಒಟ್ಟಿಗೆ ಓಡಿಹೋಗಿ ನಮಸ್ಕಾರ ಮಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧಣಿ ಒಬ್ಬನನ್ನು ಬದಿಗೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಇನ್ನೊಬ್ಬನನ್ನು ಕರೆದು ಹೇಳಿದರು. ಇಬ್ಬರೂ ಕೈ ಕುಲುಕಿ, ಕೂಡಿ ಚಹಾ ಕುಡಿದು ಹೋದರು.

ನನಗೆ ತಡೆಯಲಾಗಲಿಲ್ಲ. “ಏನ್ ಹೇಳಿದ್ರಿ ಧಣ್ಯಾರ?”

“ಇಬ್ಬರಿಗೂ ಒಂದ ಮಾತು ಹೇಳಿದೆ ಮಾರಾಯಾ. ತಪ್ಪು ಅವಂದ ಐತಿ, ನೀ ದೊಡ್ಡ ಮನುಷ್ಯಾ, ಬಿಟ್ಟುಬಿಡು ಅಂದೆ.”

ಕೈ ಮುರಿದವಳು

ಕಿನ್ನಾಳದ ಚಿತ್ರಗಾರರೊಬ್ಬರು ಊರೊಂದರ ಗುಡಿಗೆ ಕಟ್ಟಿಗೆಯಲ್ಲಿ ಹೊಸ ದ್ಯಾಮವ್ವನನ್ನು ಕೆತ್ತಿ, ಬಣ್ಣ ಕೊಟ್ಟು, ಜೀಪಿನಲ್ಲಿ ಹಾಕಿಕೊಂಡು ಹೊರಟಿದ್ದರು. ತಿರುವಿನಲ್ಲಿ ಜೀಪು ಮಗ್ಗಲಾಯಿತು. ಆ ದಾರಿಯಲ್ಲಿ ಬೈಕಿನ ಮೇಲೆ ಬಂದವನು ರಸ್ತೆಯ ಮೇಲೆ ಬಿದ್ದ ಕೈ ನೋಡಿದ್ದೇ ಗಾಡಿ ಕೂಡ ನಿಲ್ಲಿಸದೆ ಹೋಗಿ, “ಹೆಣ್ಣುಮಗಳ ಕೈನ ಕಿತ್ತುಹೋಗ್ಯಾವ” ಎಂದು ಆಂಬುಲೆನ್ಸಿಗೆ ಹೇಳಿದ್ದ.

ಆಂಬುಲೆನ್ಸಿನವರು ಬಂದರು, ನೋಡಿದರು, ತಿರುಗಿ ಹೋಗಲು ಹೊರಟರು. ಹೊಲದಿಂದ ಬಂದು ನೆರೆದ ಹೆಣ್ಣುಮಕ್ಕಳು ಬಿಡಲಿಲ್ಲ. “ಅವ್ವನ್ನ ಹಾದ್ಯಾಗ ಬಿಟ್ಟು ಹೊಕ್ಕೀರೇನ್ರಿ?” ಡ್ರೈವರನೂ ಅದೇ ಕಡೆಯವನು. ಸ್ಟ್ರೆಚರ್ ಇಳಿಸಿದ. ದ್ಯಾಮವ್ವ ಮಲಗಿದಳು. ಮೊಣಕೈ ತರಚಿಕೊಂಡಿದ್ದ ಚಿತ್ರಗಾರರು ಆಕೆಯ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಂತರು.

ಜೀಪು ಎಳೆದುಕೊಂಡು ನಾನೂ ಹಿಂದೆಯೇ ದವಾಖಾನೆಗೆ ಹೋದೆ. ಬಾಗಿಲಲ್ಲಿದ್ದ ನರ್ಸಮ್ಮ ತಲೆ ಎತ್ತದೆ ಕೇಳುತ್ತಿದ್ದಳು.

“ಪೇಶಂಟ್ ಹೆಸರು?”

“ದ್ಯಾಮವ್ವ ಅಂತ್ರಿ.”

“ವಯಸ್ಸು?”

ಚಿತ್ರಗಾರರು ಲೆಕ್ಕ ಹಾಕಿ ಹೇಳಿದರು: “ಮೊನ್ನೆ ಶ್ರಾವಣದಾಗ ಶುರು ಮಾಡಿದ್ನಿರಿ. ಕಣ್ಣು ಬರೆದದ್ದು ನಿನ್ನೆ.”

ಜೋಳದೊಳಗಿನ ಕಾರು

ಕೊಪ್ಪಳದ ಬಟ್ಟೆ ಅಂಗಡಿಯವನೊಬ್ಬ ಕುಷ್ಟಗಿ ಕಡೆ ಬರುವಾಗ ಕುರಿ ಹಿಂಡು ಅಡ್ಡ ಬಂತೆಂದು ಕಾರು ತಿರುಗಿಸಿದ. ಕಾರು ರಸ್ತೆ ಇಳಿದು, ಬದು ಹಾರಿ, ಜೋಳದ ಹೊಲದ ನಟ್ಟನಡುವೆ ಅಡ್ಡಡ್ಡ ನಿಂತಿತು. ಮುಂದಿನ ಗಾಲಿ ಸೊಟ್ಟಗಾಗಿತ್ತು. ಬೆಳೆ ಆಳೆತ್ತರ, ತೆನೆ ಆಗತಾನೆ ಹಾಲುಗಟ್ಟಿತ್ತು.

ನಾನು ಹೋದಾಗ ಹೊಲದ ಅಜ್ಜಿ ಅವನ ಹಣೆಯ ಬುಗುಟಿಗೆ ಅರಿಷಿಣ ಮೆತ್ತಿ, ರೊಟ್ಟಿ ತಿನ್ನಿಸುತ್ತಿದ್ದಳು. ಕೊಕ್ಕರಿ ನೋಡಿದ್ದೇ ಬದುವಿನ ಮೇಲೆ ಬಂದು ನಿಂತಳು.

“ತಮ್ಮಾ, ಇವನ ಕಾರು ಬರೂಮುಂದ ಒಂದು ದಾರಿ ಮಾಡೇತಿ. ನಿನ್ನ ಕೊಕ್ಕರಿ ಹೊಕ್ಕರ ಉಳಿದಿದ್ದೂ ಹೋಗ್ತೈತಿ. ಸುಗ್ಗಿ ಆಗ್ಲಿ, ಒಯ್ಯಿರಿ.”

“ಅಲ್ಲಿ ತನಕ ನನ್ನ ಕಾರು?” ಅಂದ ಅವನು.

“ಇರ್ಲಿ ಬಿಡಪಾ. ಮೇವು ಹಾಕೂದಿಲ್ಲ, ನೀರು ಕುಡಸೂದಿಲ್ಲ.”

ಆಕೆಯ ರೊಟ್ಟಿ ಬಾಯೊಳಗಿತ್ತು. ಅವನು ನುಂಗಿ, ಇನ್ನೊಂದು ತುಂಡು ಮುರಿದುಕೊಂಡ. ವಿಮೆಯವರು ಬಂದಾಗಲೂ ಅಜ್ಜಿ ಅವರನ್ನು ಸಾಲಿನ ಸಂದಿಯಲ್ಲಿ ಒಬ್ಬರ ಹಿಂದೊಬ್ಬರಂತೆ ನಡೆಸಿದಳು.

ಅಂಗಡಿಯವನು ಅಜ್ಜಿಯ ಕೈಗೆ ಕೀಲಿ ಕೊಟ್ಟು, ಕಾರಿನೊಳಗೆ ಇಲಿ ಹೊಗದಂತೆ ನೋಡಿಕೊಳ್ಳಲು ಹೇಳಿ ಹೋಗಿದ್ದ. ಕೆಲವು ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ಜೋಳದೊಳಗಿಂದ ಹಾರ್ನ್ ಕೇಳಿತು. ಗುಬ್ಬಿಗಳು, ಗಿಳಿಗಳು ಮೋಡದಂತೆ ಎದ್ದವು. ಹೋಗಿ ನೋಡಿದರೆ ಅಜ್ಜಿ ಸ್ಟೇರಿಂಗಿನ ಮುಂದೆ ಕುಂತಿದ್ದಾಳೆ. ಹಕ್ಕಿ ಕಾಯುವ ಕವಣೆ ಹಿಂದಿನ ಸೀಟಿನಲ್ಲಿ ಮಲಗಿದೆ.

“ಕವಣಿ ಬೀಸಿ ಬೀಸಿ ಬಂದಿದ್ದ ರಟ್ಟಿ ನೋವು ಹೋತು ತಮ್ಮಾ” ಅಂದಳು. “ನೆಳ್ಳೂ ಐತಿ.”

ಮುಂದೊಂದು ದಿನ ನಮ್ಮ ಶೆಡ್ಡಿಗೇ ಬಂದಳು. “ಕಾರಿನ ದನಿ ಕುಂತೈತಿ, ಅವಗ ಹೇಳಿ ಕಳಸು.” ನಾನು ಫೋನ್ ಮಾಡಿದೆ. ಅವನು ಬಯ್ಯುತ್ತಾನೆ ಅಂದುಕೊಂಡಿದ್ದೆ. ಮರುದಿನ ಹೊಸ ಬ್ಯಾಟರಿ ಹಿಡಿದುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದ. ಮೂವರೂ ಕಾರಿನೊಳಗೆ ಕುಂತು, ಹಾಲುತೆನೆ ಸುಟ್ಟು ತಿಕ್ಕಿದ ಬೆಳಸಿ ತಿಂದರಂತೆ.

ಸುಗ್ಗಿ ಮುಗಿದ ಮೇಲೆ ಕೊಯ್ದ ಹೊಲದೊಳಗೆ ಕೊಕ್ಕರಿ ಇಳಿಸಿ ಕಾರು ಎಳೆದೆ. ಅವನ ಕಣ್ಣು ಒದ್ದೆಯಾಗಿತ್ತು. ಕಾರು ಸಿಕ್ಕಿತೆಂದೋ, ಹೊಲ ಬಿಟ್ಟು ಹೊರಟೆನೆಂದೋ ತಿಳಿಯಲಿಲ್ಲ. “ಬರ್ತೀನಿ ಯವ್ವಾ” ಅಂದ.

ಅಜ್ಜಿ ಅವನ ಬೆನ್ನು ಸವರಿದಳು. “ಮುಂದಿನ ವರ್ಷ ತೆನಿ ಹಾಲುಗಟ್ಟೂ ಹೊತ್ತಿಗೆ ಬಂದುಬಿಡಪಾ. ಆದ್ರ ಆವಾಗ ಗುದ್ದೂಮುಂದ ಗುಡ್ಡದ ಕಡೆ ಮುಖ ಮಾಡಿ ಗುದ್ದು. ಹಕ್ಕಿ ಆ ಕಡಿಂದ ಬರ್ತಾವು.”