ಆಕ್ಸಿಜನ್ ಮೈನಸ್ ಎರಡು

ನಾನು ಹೆದರಿ ಹೆದರಿ ಹೆಜ್ಜೆ ಇಟ್ಟ ಕಡೆಯಲ್ಲೆಲ್ಲ ನಗೆಪಾಟಲಾಗುವುದು ತಪ್ಪಿದ್ದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದಾಗ, ಫತೇಗಂಜ್‌ನ ಒಂದು ಶಾಲೆಯಲ್ಲಿ ನನಗೆ ಕೆಮಿಸ್ಟ್ರಿ ಪಾಠದ ಕೆಲಸ ಸಿಕ್ಕಿತು. ಕೆಲಸ ತಾತ್ಕಾಲಿಕ, ಗಾಬರಿ ಮಾತ್ರ ಕಾಯಂ.

ಹಿಂದಿನ ಬೆಂಚು

ಮೊದಲ ಪಾಠಕ್ಕೇ ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರು ಇತಿಹಾಸದವರು. "ಸಂಯುಕ್ತಗಳಲ್ಲಿ ಆಕ್ಸಿಜನ್ನಿನ ಆಕ್ಸಿಡೇಷನ್ ಸಂಖ್ಯೆ ಮೈನಸ್ ಎರಡು. ಅಂದರೆ ಜೊತೆಗಿರುವವರಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ," ಅಂದೆ. ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಾಗೆ ಹಿಡಿದರೆ ಒಟ್ಟು ಸೊನ್ನೆ ಬರಲ್ಲ."

ನಾನು ಬೋರ್ಡಿಗೆ ತಿರುಗಿ ಎರಡು ಆಕ್ಸಿಜನ್ ಪಕ್ಕಪಕ್ಕ ಬರೆದೆ. "ಅಲ್ಲಿ ಆಕ್ಸಿಜನ್‌ಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ. ತಮ್ಮತಮ್ಮಲ್ಲಿ ಎಲೆಕ್ಟ್ರಾನ್ ಕಿತ್ತುಕೊಳ್ಳಲ್ಲ. ಅದಕ್ಕೇ ಮೈನಸ್ ಒಂದು. ಫ್ಲೋರಿನ್ ಜೊತೆಗಾದರೆ ಆಕ್ಸಿಜನ್ನೇ ಸೋತು ಪ್ಲಸ್ ಎರಡಾಗುತ್ತೆ," ಅಂದೆ.

ಪ್ರಿನ್ಸಿಪಾಲರು ತಲೆದೂಗಿದರು. "ಅರ್ಥವಾಯ್ತು. ನಿಮ್ಮ ಕೆಲಸದ ಥರಾನೇ. ಪರ್ಮನೆಂಟ್ ಅಲ್ಲ."

ಅಡುಗೆಮನೆ

ಅಂದಿನಿಂದ ಚಪಾತಿ ಲಟ್ಟಿಸುವಾಗಲೂ ನನಗೆ ನಾನೇ ಪಾಠ ಒಪ್ಪಿಸತೊಡಗಿದೆ. "ಆಕ್ಸಿಜನ್ ಮೈನಸ್ ಎರಡು... ಮೈನಸ್ ಒಂದು..." ಊರಿಂದ ಬಂದಿದ್ದ ಅತ್ತೆ ಅದನ್ನು ಕೇಳಿಸಿಕೊಂಡವರೇ ಕೆಳಗಿನ ಮನೆಗೆ ಹೋಗಿ ಬ್ಯಾಂಕಿಗೆ ಫೋನ್ ಮಾಡಿದರು. "ಅವಳಿಗೆ ಆಕ್ಸಿಜನ್ ಕಮ್ಮಿ ಆಗಿದೆಯಂತೆ, ಪಾಪ, ತಾನೇ ಹೇಳ್ಕೋತಿದಾಳೆ. ಬೇಗ ಬಾರಪ್ಪ."

ಇವರು ಆಟೋದಲ್ಲಿ ಡಾಕ್ಟರನ್ನು ಕೂರಿಸಿಕೊಂಡು ಏದುಸಿರು ಬಿಡುತ್ತ ಬಂದರು. ಅಷ್ಟರಲ್ಲಿ ನಾನು ಫ್ಲೋರಿನ್‌ವರೆಗೆ ಬಂದಿದ್ದೆ. ಅತ್ತೆ ಬಾಗಿಲಲ್ಲೇ ಮಗನ ಕೈ ಹಿಡಿದು ಹೇಳಿದರು: "ಹೆದರಬೇಡ. ಈಗ ತಾನೇ ಪ್ಲಸ್ ಎರಡಕ್ಕೆ ಬಂದಳು."

ಸೂರತ್‌ನಿಂದ ಬಂದವರು

ಟೆಸ್ಟ್ ಪೇಪರ್ ತಿದ್ದಿ ಹಂಚಿದ ಮೇಲೆ ಇನ್ನೊಬ್ಬ ಹುಡುಗಿಯ ತಂದೆ ಬಂದರು. ಸೂರತ್‌ನ ಪಾಂಡೇಸರಾದಲ್ಲಿ ಅವರದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲು; ಮಗಳು ಇಲ್ಲಿ ಹಾಸ್ಟೆಲಿನಲ್ಲಿ. ಪ್ರಿನ್ಸಿಪಾಲರ ರೂಮಿಗೆ ನನ್ನನ್ನು ಕರೆಸಿದಾಗಲೇ ಕೆಲಸ ಹೋಯಿತು ಅಂದುಕೊಂಡೆ.

ಅವಳು ಸಲ್ಫ್ಯೂರಿಕ್ ಆಮ್ಲದ ಆಕ್ಸಿಜನ್ನಿನ ಸಂಖ್ಯೆ ಬರೆಯದೆ ಜಾಗ ಖಾಲಿ ಬಿಟ್ಟಿದ್ದಳು. ಸರಿಯುತ್ತರ ತಿಳಿಯಲಿ ಅಂತ ನಾನು ಕೆಂಪು ಶಾಯಿಯಲ್ಲಿ ಮೈನಸ್ ಎರಡು ಎಂದು ಬರೆದಿದ್ದೆ.

"ಬೆನ್, ಬರೀಲಿಲ್ಲ ಅಂದ್ರೆ ಸೊನ್ನೆ ಕೊಡಿ. ಸೊನ್ನೆಗಿಂತ ಕೆಳಗೆ ಯಾಕೆ ಇಳಿಸಿದಿರಿ?" ಅಂದರು ಹಿಂದಿಯಲ್ಲಿ. ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ.

"ಅದು ಮಾರ್ಕ್ಸ್ ಅಲ್ಲ, ಆಕ್ಸಿಜನ್ನಿನದು. ಅಲ್ಲಿ ಯಾರಿಗಾದರೂ ಮೈನಸ್ ಎರಡೇ ಬರೋದು," ಅಂದೆ.

"ಯಾರಿಗಾದರೂ?" ಅವರಿಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ದನಿ ತಗ್ಗಿಸಿ, "ಮೈನಸ್ ಒಂದಾದರೂ ಮಾಡೋಕಾಗಲ್ವಾ?"

"ಅದಕ್ಕೆ ಪೆರಾಕ್ಸೈಡ್ ಬೇಕಾಗುತ್ತೆ."

ಅವರ ಮುಖ ಅರಳಿತು. "ಅಷ್ಟೇನಾ, ಬೆನ್? ನಾವು ಬಟ್ಟೆ ಬಿಳುಪು ಮಾಡೋದೇ ಅದರಲ್ಲಿ. ಎಷ್ಟು ಕ್ಯಾನ್ ಕಳಿಸಲಿ?"